ಜನಕ್ಕೆ ತಕ್ಕ ದೋಣಿ

2021ರ ಸೆಪ್ಟೆಂಬರ್ 5ರಂದು ಟೋಕಿಯೊ ಪ್ಯಾರಾಲಿಂಪಿಕ್ಸ್‌ನಲ್ಲಿ ಸುಹಾಸ್ ಯತಿರಾಜ್ ಬ್ಯಾಡ್ಮಿಂಟನ್ ಬೆಳ್ಳಿ ಗೆದ್ದದ್ದು ನಿಮಗೆ ನೆನಪಿರಬಹುದು. ಅವರು ಹಾಸನದಲ್ಲಿ ಹುಟ್ಟಿ, ಸುರತ್ಕಲ್‌ನಲ್ಲಿ ಇಂಜಿನಿಯರಿಂಗ್ ಓದಿ, ಐಎಎಸ್ ಅಧಿಕಾರಿಯಾಗಿ ಉತ್ತರ ಪ್ರದೇಶದಲ್ಲಿ ಕೆಲಸ ಮಾಡುತ್ತಿದ್ದವರು. ಮೂರು ವರ್ಷಗಳ ನಂತರ ಪ್ಯಾರಿಸ್‌ನಲ್ಲಿಯೂ ಬೆಳ್ಳಿ ಗೆದ್ದರು. ಪ್ಯಾರಾಲಿಂಪಿಕ್ಸ್‌ನಲ್ಲಿ ಬ್ಯಾಡ್ಮಿಂಟನ್ ಆಡಿಸಿದ್ದು ಟೋಕಿಯೊದಲ್ಲಿಯೇ ಮೊದಲು. ಬ್ಯಾಡ್ಮಿಂಟನ್ ಮತ್ತು ಟೇಕ್ವಾಂಡೊ ಒಳಗೆ ಬಂದ ಆ ಸಲವೇ ಎರಡು ಆಟಗಳು ಹೊರಗೆ ಹೋದವು. ಒಂದು ಏಳು ಜನರ ಫುಟ್‌ಬಾಲ್, ಇನ್ನೊಂದು ಹಾಯಿದೋಣಿ ಓಟ. ಒಳಗೆ ಬಂದ ಆಟದ ಬಗ್ಗೆ ಎಲ್ಲ ಪತ್ರಿಕೆಗಳೂ ಬರೆದವು. ಹೊರಗೆ ಹೋದ ಹಾಯಿದೋಣಿಯ ಬಗ್ಗೆ ನಮ್ಮ ಕಡೆ ಯಾರೂ ಮಾತಾಡಲಿಲ್ಲ. ಕೈಕಾಲು ಆಡದವರು, ಕಣ್ಣು ಕಾಣದವರು ಸಮುದ್ರದಲ್ಲಿ ಹಾಯಿದೋಣಿ ನಡೆಸುತ್ತಾರೆ ಎನ್ನುವುದೇ ನಮ್ಮಲ್ಲಿ ಬಹಳ ಜನಕ್ಕೆ ಗೊತ್ತಿಲ್ಲ. ಆದ್ದರಿಂದ ಈ ಲೇಖನ.

ಒಂದು ಮಾತು ಮೊದಲೇ ಹೇಳಿಬಿಡುತ್ತೇನೆ. ಸರ್ಕಾರಿ ಕಾಗದಗಳಲ್ಲಿ ವಿಕಲಚೇತನರು ಎಂದು ಬರೆಯುತ್ತಾರೆ, ಭಾಷಣಗಳಲ್ಲಿ ವಿಶೇಷಚೇತನರು, ದಿವ್ಯಾಂಗರು ಎನ್ನುತ್ತಾರೆ. ನಮ್ಮ ಮನೆಯಲ್ಲಿ ನನ್ನ ಮಾಮೂಗೆ ಚಿಕ್ಕಂದಿನಲ್ಲೇ ಪೋಲಿಯೊ ಆಗಿ ಬಲಗಾಲು ಸೊರಗಿದೆ. ಬಗಲುಗೋಲು ಹಿಡಿದು ನಡೆಯುತ್ತಾರೆ. ಅವರು 'ಅಂಗವಿಕಲ ಅಂದರೆ ಸಾಕು, ಹೆಸರು ಬದಲಾಯಿಸಿದರೆ ಮೆಟ್ಟಿಲು ಕಡಿಮೆ ಆಗುತ್ತಾ?' ಎನ್ನುತ್ತಾರೆ. ಹಾಗಾಗಿ ನಾನೂ ಇಲ್ಲಿ ಆ ಪದವನ್ನೇ ಬಳಸುತ್ತೇನೆ.

ಹಾಯಿದೋಣಿ ಹೇಗೆ ನಡೆಯುತ್ತದೆ ಎಂದು ಸ್ವಲ್ಪ ಹೇಳಬೇಕು, ಇಲ್ಲದಿದ್ದರೆ ಮುಂದಿನದು ಅರ್ಥವಾಗುವುದಿಲ್ಲ. ನಾವು ಕೆರೆ, ಹೊಳೆಗಳಲ್ಲಿ ನೋಡುವುದು ಹುಟ್ಟು ಹಾಕುವ ದೋಣಿ, ಇಲ್ಲವೇ ಮೋಟಾರ್ ದೋಣಿ. ಹಾಯಿದೋಣಿಗೆ ಕಂಬಕ್ಕೆ ಕಟ್ಟಿದ ಬಟ್ಟೆಯೇ ಇಂಜಿನ್. (ಹಾಯಿಗೆ ಉರ್ದುವಿನಲ್ಲಿ ಬಾದಬಾನ್ ಎನ್ನುತ್ತಾರೆ. ಬಾದ್ ಎಂದರೆ ಗಾಳಿ. ಹಡಗು ನಡೆಸುವವನು ನಾಖುದಾ, ಅಂದರೆ ನಾವೆಯ ಒಡೆಯ. ನಮ್ಮ ಕರಾವಳಿಯ ಮೀನುಗಾರರಲ್ಲಿ ದೋಣಿಯ ಮುಖ್ಯಸ್ಥನಿಗೆ ತಾಂಡೇಲ ಎಂಬ ಹೆಸರಿದೆ.) ಗಾಳಿ ಹಿಂದಿನಿಂದ ಬೀಸಿದರೆ ಮಾತ್ರ ದೋಣಿ ಮುಂದೆ ಹೋಗುತ್ತದೆ ಎಂದು ಬಹಳ ಜನ ತಿಳಿದಿರುತ್ತಾರೆ. ಹಾಗಲ್ಲ. ಗಾಳಿ ಎದುರಿನಿಂದ ಬಂದರೂ ದೋಣಿ ಓರೆ ಓರೆಯಾಗಿ, ಹಾವು ಹರಿದಂತೆ ಎಡಕ್ಕೊಮ್ಮೆ ಬಲಕ್ಕೊಮ್ಮೆ ಹೋಗುತ್ತಾ ಮುಂದುವರಿಯಬಲ್ಲದು.

ಕಷ್ಟ ಇರುವುದು ಈ ತಿರುವುಗಳಲ್ಲಿ. ದೋಣಿ ತಿರುಗಿದಾಗಲೆಲ್ಲ ಹಾಯಿ ಒಂದು ಪಕ್ಕದಿಂದ ಇನ್ನೊಂದು ಪಕ್ಕಕ್ಕೆ ಹೊರಳುತ್ತದೆ. ಹಾಯಿಯ ಕೆಳಗಿರುವ ಅಡ್ಡಗಳು ರಪ್ ಎಂದು ತಲೆಯ ಮೇಲೆ ಹಾಯುತ್ತದೆ. ಸಾಮಾನ್ಯ ಚಿಕ್ಕ ದೋಣಿಯಲ್ಲಿ ಕುಳಿತವನು ತಲೆ ತಗ್ಗಿಸಿ, ಅದರಡಿ ನುಸುಳಿ ಆಚೆ ಅಂಚಿಗೆ ಹಾರಬೇಕು. ಅಲ್ಲಿ ಕಾಲನ್ನು ಪಟ್ಟಿಗೆ ಸಿಕ್ಕಿಸಿಕೊಂಡು ಮೈಯನ್ನು ನೀರಿನ ಮೇಲೆ ಹೊರಕ್ಕೆ ಚಾಚಬೇಕು. ಹಾಗೆ ಮಾಡದಿದ್ದರೆ ದೋಣಿ ಮಗುಚುತ್ತದೆ. ಒಟ್ಟಿನಲ್ಲಿ ದೇಹದಿಂದ ಮೂರು ಕೆಲಸ ಬೇಕು. ಮೈಭಾರ ಅತ್ತಿತ್ತ ಸರಿಸಿ ಸಮತೋಲ ಕಾಯುವುದು, ಚುಕ್ಕಾಣಿ ತಿರುಗಿಸುವುದು, ಹಾಯಿಯ ಹಗ್ಗ ಎಳೆಯುವುದು ಮತ್ತು ಬಿಡುವುದು. ಇವುಗಳಲ್ಲಿ ಯಾವುದನ್ನು ಮನುಷ್ಯನೇ ಮಾಡಬೇಕು, ಯಾವುದನ್ನು ದೋಣಿಗೆ ಬಿಡಬಹುದು ಎಂದು ಕೆಲವರು ಯೋಚಿಸಿದ್ದರಿಂದ ಅಂಗವಿಕಲರ ಹಾಯಿದೋಣಿ ಕ್ರೀಡೆ ಬೆಳೆಯಿತು.

1990ರ ದಶಕದಲ್ಲಿ ಆಸ್ಟ್ರೇಲಿಯಾದ ಕ್ರಿಸ್ ಮಿಚೆಲ್ ಎಂಬ ವಿನ್ಯಾಸಕಾರರು ಒಂದು ಪುಟ್ಟ ದೋಣಿ ಮಾಡಿದರು. ಮೊದಲು ಅದರ ಹೆಸರು ಆಕ್ಸೆಸ್ ಎಂದಿತ್ತು, ಈಗ ಹನ್ಸಾ. ನಮ್ಮ ಕಿವಿಗೆ ಹಂಸ ಎಂದೇ ಕೇಳಿಸುತ್ತದೆ. ಎಲ್ಲಕ್ಕಿಂತ ಚಿಕ್ಕದು 2.3 ಮೀಟರ್ ಉದ್ದ, ನಮ್ಮ ಕ್ಲಾಸಿನ ಒಂದು ಬೆಂಚಿಗಿಂತ ಸ್ವಲ್ಪ ಹೆಚ್ಚು. ಅದಕ್ಕಿಂತ ದೊಡ್ಡದಾದ ಹನ್ಸಾ 303ರ ಉದ್ದ 3.03 ಮೀಟರ್, ಅದೇ ಅಳತೆಯಿಂದ ಅದರ ಹೆಸರು. ಅದರಲ್ಲಿ ಒಬ್ಬರೂ ಕೂರಬಹುದು, ಅಕ್ಕಪಕ್ಕ ಇಬ್ಬರೂ ಕೂರಬಹುದು.

ಈ ದೋಣಿಯಲ್ಲಿ ಕೂರುವುದು ಅಂಚಿನ ಮೇಲಲ್ಲ. ತಳದಲ್ಲಿ, ಬಟ್ಟೆಯ ತೂಗುಕುರ್ಚಿಯಂಥ ಸೀಟಿನಲ್ಲಿ, ಮುಂದಕ್ಕೆ ಮುಖ ಮಾಡಿ ಕೂರುತ್ತಾರೆ. ಅಡ್ಡಗಳು ತಲೆಯ ಮೇಲೆ ಹಾದುಹೋಗುತ್ತದೆ, ಕುಳಿತವರು ಜಾಗ ಬಿಟ್ಟು ಏಳಬೇಕಾಗಿಲ್ಲ. ದೋಣಿಯ ಅಡಿಯಲ್ಲಿ ನೀರೊಳಗೆ ಇಳಿಬಿಟ್ಟ ಭಾರದ ಹಲಗೆ ಇದೆ. ಇದಕ್ಕೆ ಕೀಲ್ ಎನ್ನುತ್ತಾರೆ. ತಳದಲ್ಲಿ ಭಾರವಿರುವ ಗೊಂಬೆಯನ್ನು ಎಷ್ಟು ತಳ್ಳಿದರೂ ಎದ್ದು ನಿಲ್ಲುತ್ತದಲ್ಲ, ಹಾಗೆಯೇ ಗಾಳಿ ಎಷ್ಟು ವಾಲಿಸಿದರೂ ದೋಣಿ ಮತ್ತೆ ನೆಟ್ಟಗಾಗುತ್ತದೆ. ಮೊದಲನೆಯ ಕೆಲಸ ಹೀಗೆ ದೋಣಿಯ ಪಾಲಾಯಿತು. ಚುಕ್ಕಾಣಿಗೆ ಎರಡು ಮೊಣಕಾಲುಗಳ ನಡುವೆ ಒಂದು ಜಾಯ್‌ಸ್ಟಿಕ್ ಇದೆ. ಎಡಕ್ಕೆ ತಳ್ಳಿದರೆ ದೋಣಿ ಎಡಕ್ಕೆ, ಬಲಕ್ಕೆ ತಳ್ಳಿದರೆ ಬಲಕ್ಕೆ. ಇದೇನು ದೊಡ್ಡದು ಎನ್ನಬೇಡಿ. ಮಾಮೂಲಿ ಹಾಯಿದೋಣಿಯ ಚುಕ್ಕಾಣಿಯ ಹಿಡಿಯನ್ನು ಬಲಕ್ಕೆ ತಳ್ಳಿದರೆ ದೋಣಿ ಎಡಕ್ಕೆ ಹೋಗುತ್ತದೆ, ಹೊಸಬರು ಅಲ್ಲೇ ಕಕ್ಕಾಬಿಕ್ಕಿಯಾಗುತ್ತಾರೆ. ಹಗ್ಗಗಳು ರಾಟೆಗಳ ಮೂಲಕ ಬರುವುದರಿಂದ ಕಡಿಮೆ ಬಲ ಸಾಕು. ಗಾಳಿ ಜೋರಾದರೆ ಹಾಯಿಯನ್ನು ಕಂಬಕ್ಕೆ ಚಾಪೆ ಸುತ್ತಿದಂತೆ ಸುತ್ತಿ ಚಿಕ್ಕದು ಮಾಡಬಹುದು, ಅದಕ್ಕೂ ಎದ್ದು ನಿಲ್ಲಬೇಕಿಲ್ಲ. ಕೈಯಲ್ಲಿ ಏನೂ ಬಲ ಇಲ್ಲದವರಿಗೆ ಬ್ಯಾಟರಿಯ ಮೋಟಾರುಗಳನ್ನು ಜೋಡಿಸುತ್ತಾರೆ. ಆಗ ಒಂದು ಬೆರಳಿನಿಂದಲೋ ಗದ್ದದಿಂದಲೋ ಪುಟ್ಟ ಕಡ್ಡಿಯನ್ನು ಅಲುಗಿಸಿದರೆ ದೋಣಿ ಹೇಳಿದ ಮಾತು ಕೇಳುತ್ತದೆ.

ಇನ್ನೊಂದು ವಿಷಯ ನನಗೆ ಬಹಳ ಹಿಡಿಸಿತು. ಹನ್ಸಾ ದೋಣಿ ಅಂಗವಿಕಲರಿಗೆ ಮಾತ್ರ ಎಂದು ಮೀಸಲಿಟ್ಟ ದೋಣಿಯಲ್ಲ. ಮಕ್ಕಳು, ಮುದುಕರು, ಹೆದರುವವರು, ಯಾರು ಬೇಕಾದರೂ ನಡೆಸಬಹುದು. ದೂರದಿಂದ ನೋಡಿದರೆ ಯಾವ ದೋಣಿಯಲ್ಲಿರುವವರಿಗೆ ಕಾಲಿಲ್ಲ, ಯಾವುದರಲ್ಲಿರುವವರಿಗೆ ಇದೆ ಎಂದು ಗೊತ್ತಾಗುವುದಿಲ್ಲ. ವೀಲ್‌ಚೇರ್ ದಡದಲ್ಲೇ ಉಳಿದಿರುತ್ತದೆ.

ಮಿಚೆಲ್ ಅವರಿಗಿಂತ ಮೊದಲು ಏನೂ ಇರಲಿಲ್ಲ ಎಂದಲ್ಲ. ಕೆನಡಾದಲ್ಲಿ ಇದು ಶುರುವಾದ ಬಗೆ ವಿಚಿತ್ರವಾಗಿದೆ. ರಿಕ್ ಹ್ಯಾನ್ಸನ್ ಎಂಬವರು 1985ರಿಂದ 1987ರವರೆಗೆ ವೀಲ್‌ಚೇರ್‌ನಲ್ಲಿ ಹಲವು ದೇಶಗಳನ್ನು ಸುತ್ತಿದವರು. ಬ್ರಿಟನ್ನಿನ ಪ್ರಧಾನಿ ಮಾರ್ಗರೆಟ್ ಥ್ಯಾಚರ್ ಅವರು ಅಂಗವಿಕಲರಿಗಾಗಿ ಮಾಡಿದ ಒಂದು ಹಾಯಿದೋಣಿಯನ್ನು ಅವರಿಗೆ ಉಡುಗೊರೆ ಕೊಟ್ಟರು. ಆ ಒಂದು ದೋಣಿ ವ್ಯಾಂಕೂವರ್‌ನ ಸ್ಯಾಮ್ ಸಲಿವನ್ ಅವರ ಕೈಗೆ ಬಂತು. ಸಲಿವನ್ ಅವರಿಗೆ 19ನೇ ವಯಸ್ಸಿನಲ್ಲಿ ಹಿಮದಲ್ಲಿ ಜಾರುವ ಆಟದಲ್ಲಿ ಕತ್ತು ಮುರಿದು ಕೈಕಾಲುಗಳ ಶಕ್ತಿ ಹೋಗಿತ್ತು. ಅವರು 1989ರಲ್ಲಿ ಆ ದೋಣಿಯನ್ನಿಟ್ಟುಕೊಂಡು ಒಂದು ಸಂಘ ಕಟ್ಟಿದರು. ಮುಂದೆ ಅದೇ ಸಲಿವನ್ ವ್ಯಾಂಕೂವರ್ ನಗರದ ಮೇಯರ್ ಆದರು.

ಬ್ರಿಟನ್‌ನಲ್ಲಿ ಬೇರೆ ದಾರಿ ಹಿಡಿದರು. ಅಲ್ಲಿ 1978ರಲ್ಲಿ ಶುರುವಾದ ಜುಬಿಲಿ ಸೇಲಿಂಗ್ ಟ್ರಸ್ಟ್ ಚಿಕ್ಕ ದೋಣಿಯ ಬದಲು ಮೂರು ಕಂಬಗಳ ದೊಡ್ಡ ಹಡಗನ್ನೇ ಕಟ್ಟಿಸಿತು. 1986ರಲ್ಲಿ ಮೊದಲ ಪ್ರಯಾಣ ಹೊರಟ ಆ ಹಡಗಿನ ಹೆಸರು ಲಾರ್ಡ್ ನೆಲ್ಸನ್. ಇತಿಹಾಸ ಓದುವವರಿಗೆ ಗೊತ್ತಿರುತ್ತದೆ, ಆ ನೌಕಾಪತಿ ಯುದ್ಧದಲ್ಲಿ ಒಂದು ಕೈಯನ್ನೂ ಒಂದು ಕಣ್ಣಿನ ದೃಷ್ಟಿಯನ್ನೂ ಕಳೆದುಕೊಂಡವನು. ಹಡಗಿನಲ್ಲಿ ವೀಲ್‌ಚೇರ್ ಓಡಾಡುವಷ್ಟು ಅಗಲದ ಮಟ್ಟಸ ಅಟ್ಟ, ಮಹಡಿಯಿಂದ ಮಹಡಿಗೆ ಲಿಫ್ಟ್, ಕಣ್ಣು ಕಾಣದವರಿಗಾಗಿ ದಿಕ್ಕನ್ನು ಬಾಯಿಬಿಟ್ಟು ಹೇಳುವ ದಿಕ್ಸೂಚಿ ಇದ್ದವು. ಅಂಗವಿಕಲರೂ ಉಳಿದವರೂ ಹೆಚ್ಚುಕಡಿಮೆ ಅರ್ಧರ್ಧ ಸೇರಿ ಹಡಗು ನಡೆಸುತ್ತಿದ್ದರು. ಪ್ರಯಾಣಿಕರಾಗಿ ಅಲ್ಲ, ಕೆಲಸದವರಾಗಿ. ಅಡುಗೆಮನೆಯ ಪಾಳಿ, ರಾತ್ರಿ ಕಾವಲು ಎಲ್ಲರಿಗೂ ಇತ್ತು. 2000ದಲ್ಲಿ ಟೆನೇಶಿಯಸ್ ಎಂಬ ಎರಡನೆಯ ಹಡಗೂ ಬಂತು. ಆದರೆ ದೊಡ್ಡ ಹಡಗಿಗೆ ದೊಡ್ಡ ಖರ್ಚು. 2023ರ ಡಿಸೆಂಬರ್‌ನಲ್ಲಿ ಹಣವಿಲ್ಲದೆ ಆ ಟ್ರಸ್ಟ್ ಮುಚ್ಚಿತು.

ಇನ್ನು ಇದನ್ನೆಲ್ಲ ಬಳಸಿಕೊಂಡು ಸಮುದ್ರಕ್ಕೆ ಇಳಿದವರ ಬಗ್ಗೆ. ಹೇಳಲು ಬಹಳ ಜನ ಇದ್ದಾರೆ, ನನಗೆ ಇಷ್ಟವಾದ ಕೆಲವರ ಬಗ್ಗೆ ಮಾತ್ರ ಬರೆಯುತ್ತೇನೆ.

ಹಿಲರಿ ಲಿಸ್ಟರ್ ಇಂಗ್ಲೆಂಡಿನವರು, ಆಕ್ಸ್‌ಫರ್ಡ್‌ನಲ್ಲಿ ಜೀವರಸಾಯನಶಾಸ್ತ್ರ ಓದಿದವರು. ಎಳೆಯ ವಯಸ್ಸಿನಲ್ಲೇ ಶುರುವಾದ ನರಗಳ ಕಾಯಿಲೆಯಿಂದ ಒಂದೊಂದೇ ಅಂಗ ಸೋತು, ಕೊನೆಗೆ ತಲೆ, ಕಣ್ಣು, ಬಾಯಿ ಮಾತ್ರ ಆಡುತ್ತಿದ್ದವು. 2003ರಲ್ಲಿ ಯಾರೋ ಅವರನ್ನು ಒಂದು ಸರೋವರದಲ್ಲಿ ಹಾಯಿದೋಣಿಯಲ್ಲಿ ಕೂರಿಸಿದರು. ಎರಡೇ ವರ್ಷಗಳಲ್ಲಿ, 2005ರ ಆಗಸ್ಟ್‌ನಲ್ಲಿ, ಅವರು ಇಂಗ್ಲಿಷ್ ಕಾಲುವೆಯನ್ನು ಒಬ್ಬರೇ ದಾಟಿದರು. ಇಂಗ್ಲೆಂಡಿನಿಂದ ಫ್ರಾನ್ಸಿಗೆ, ಸುಮಾರು ಆರು ಗಂಟೆ. ಹೇಗೆಂದರೆ, ಬಾಯಿಯ ಮುಂದೆ ಸ್ಟ್ರಾಗಳು. ಒಂದರಲ್ಲಿ ಊದಿದರೆ ಚುಕ್ಕಾಣಿ ಒಂದು ಕಡೆಗೆ, ಹೀರಿದರೆ ಇನ್ನೊಂದು ಕಡೆಗೆ. ಇನ್ನೊಂದರಿಂದ ಹಾಯಿಯ ಹಗ್ಗ ಬಿಗಿಯುತ್ತದೆ ಅಥವಾ ಸಡಿಲವಾಗುತ್ತದೆ. ಉಸಿರನ್ನು ಒಂದು ಸಾಧನ ಅಳೆದು ಮೋಟಾರಿಗೆ ಹೇಳುತ್ತದೆ. 2008ರಲ್ಲಿ ಬ್ರಿಟನ್ ದ್ವೀಪವನ್ನು ಸುತ್ತಲು ಹೊರಟು ಹವಾಮಾನ ಮತ್ತು ಯಂತ್ರದ ತೊಂದರೆಯಿಂದ ನಿಲ್ಲಿಸಿದರು. 2009ರಲ್ಲಿ ಮತ್ತೆ ಹೊರಟು ಮುಗಿಸಿದರು.

2014ರಲ್ಲಿ ಅವರು ಮಾಡಿದ್ದು ನಮ್ಮ ಸಮುದ್ರದಲ್ಲಿ. ಒಮಾನಿನ ನಶ್ವಾ ಅಲ್ ಕಿಂದಿ ಎಂಬ ನಾವಿಕೆಯ ಜೊತೆ ಮುಂಬೈಯಿಂದ ಹೊರಟು ಅರಬ್ಬಿ ಸಮುದ್ರ ದಾಟಿ ಒಮಾನ್ ತಲುಪಿದರು. ಸುಮಾರು 1,500 ಕಿಲೋಮೀಟರ್. ಕುವೈತ್, ಮಸ್ಕತ್ ಎಂದರೆ ನಮ್ಮಲ್ಲಿ ಅನೇಕರಿಗೆ ಅಬ್ಬಾ, ಚಾಚಾ ದುಡಿಯಲು ಹೋದ ಊರು, ವಿಮಾನದ ಟಿಕೆಟ್ಟಿನ ದರ ನೆನಪಾಗುತ್ತದೆ. ಅದೇ ದಾರಿಯನ್ನು ಕತ್ತಿನ ಕೆಳಗೆ ಏನೂ ಆಡದ ಒಬ್ಬ ಹೆಂಗಸು ಮತ್ತು ಒಬ್ಬ ಅರಬ್ ಯುವತಿ ಗಾಳಿಯಿಂದಲೇ ದಾಟಿದ್ದಾರೆ. ಲಿಸ್ಟರ್ 2018ರಲ್ಲಿ ತೀರಿಕೊಂಡರು. ನಾನು ಇದನ್ನು ಮಾಮೂಗೆ ಹೇಳಿದಾಗ ಅವರು ಸ್ವಲ್ಪ ಹೊತ್ತು ಸುಮ್ಮನಿದ್ದು, 'ಹಾಗಾದರೆ ಬಾಯಾರಿದರೆ ನೀರು ಯಾವ ಸ್ಟ್ರಾದಲ್ಲಿ ಕುಡಿಯುತ್ತಿದ್ದರು?' ಎಂದು ಕೇಳಿದರು. ಅಕೌಂಟ್ಸ್ ಬರೆಯುವವರ ತಲೆ ಹೀಗೇ ಓಡುತ್ತದೆ.

ಬ್ರಿಟನ್ನಿನ ಜೆಫ್ ಹೋಲ್ಟ್ ಅವರಿಗೆ 1984ರಲ್ಲಿ 18 ವರ್ಷ. ಕೆರಿಬಿಯನ್ ದ್ವೀಪಗಳಲ್ಲಿ ಟೋರ್ಟೋಲಾ ಎಂಬಲ್ಲಿ ಸಮುದ್ರಕ್ಕೆ ಧುಮುಕಿದಾಗ ನೀರು ಆಳವಿರಲಿಲ್ಲ, ಕತ್ತು ಮುರಿಯಿತು. 2010ರ ಜನವರಿಯಲ್ಲಿ ಅವರು ಅಟ್ಲಾಂಟಿಕ್ ಸಾಗರ ದಾಟಿ, ವೀಲ್‌ಚೇರ್ ಓಡಾಡುವಂತೆ ಕಟ್ಟಿದ ದೋಣಿಯಲ್ಲಿ, ಅದೇ ದ್ವೀಪದ ಅದೇ ತೀರಕ್ಕೆ ಬಂದಿಳಿದರು. ಜಪಾನಿನ ಮಿತ್ಸುಹಿರೊ ಇವಾಮೊಟೊ 16ನೇ ವಯಸ್ಸಿನಲ್ಲಿ ದೃಷ್ಟಿ ಕಳೆದುಕೊಂಡವರು. 2013ರಲ್ಲಿ ಶಾಂತಸಾಗರ ದಾಟಲು ಹೊರಟಾಗ ದೋಣಿಗೆ ತಿಮಿಂಗಿಲ ಬಡಿದು ದೋಣಿಯನ್ನು ಬಿಟ್ಟುಬರಬೇಕಾಯಿತು. 2019ರಲ್ಲಿ ಮತ್ತೆ ಅಮೆರಿಕದಿಂದ ಹೊರಟು, ಕಣ್ಣಿರುವ ಒಬ್ಬ ಸಂಗಾತಿ ಬಾಯಿಮಾತಿನಲ್ಲಿ ಹೇಳುತ್ತಿದ್ದ ದಿಕ್ಕಿನಂತೆ ದೋಣಿ ನಡೆಸಿ, ಎಲ್ಲೂ ನಿಲ್ಲದೆ ಎರಡು ತಿಂಗಳೊಳಗೆ ಜಪಾನ್ ಮುಟ್ಟಿದರು. ಗಾಳಿ ಯಾವ ಕಡೆಯಿಂದ ಎಂದು ಕೆನ್ನೆಗೂ ಕಿವಿಗೂ ಗೊತ್ತಾಗುತ್ತದೆ. ಇಟಲಿಯಲ್ಲಿ ಅಂಧರು ಅಂಧರೊಡನೆ ಸ್ಪರ್ಧಿಸುವ ಪದ್ಧತಿಯೂ ಇದೆ. ತಿರುವಿನ ಗುರುತುಗಳೂ ದೋಣಿಗಳೂ ಬೇರೆ ಬೇರೆ ಸದ್ದು ಮಾಡುತ್ತಿರುತ್ತವೆ, ಕೇಳಿಸಿಕೊಂಡೇ ಓಡಿಸಬೇಕು.

ಫ್ರಾನ್ಸಿನ ಡಾಮಿಯಾಂ ಸೆಗ್ಯಾಂ ಹುಟ್ಟಿನಿಂದ ಎಡಗೈ ಇಲ್ಲದವರು. 2004ರ ಅಥೆನ್ಸ್ ಪ್ಯಾರಾಲಿಂಪಿಕ್ಸ್‌ನಲ್ಲಿ ಚಿನ್ನ ಗೆದ್ದರು. ಮರುವರ್ಷವೇ ತಮ್ಮ ದೇಶದ ಒಂದು ದೊಡ್ಡ ಒಂಟಿ ರೇಸ್‌ಗೆ ಹೆಸರು ಕೊಟ್ಟಾಗ, ಒಂದು ಕೈ ಇಲ್ಲ ಎಂದು ಸೇರಿಸಿಕೊಳ್ಳಲಿಲ್ಲ. 2020ರ ನವೆಂಬರ್‌ನಲ್ಲಿ ಅವರು ವೆಂಡೆ ಗ್ಲೋಬ್ ಎಂಬ ರೇಸ್‌ನಲ್ಲಿ ಹೊರಟರು. ಒಬ್ಬರೇ, ಎಲ್ಲೂ ನಿಲ್ಲದೆ, ಯಾರ ನೆರವೂ ಇಲ್ಲದೆ ಭೂಮಿಯನ್ನು ಸುತ್ತಿ ಬರುವ ರೇಸ್ ಅದು. ಹೊರಟ 33 ಜನರಲ್ಲಿ ಅವರು ಏಳನೆಯವರಾಗಿ ಬಂದರು. ಅದು ಅಂಗವಿಕಲರ ಸ್ಪರ್ಧೆ ಆಗಿರಲಿಲ್ಲ.

ಈಗ ಪ್ಯಾರಾಲಿಂಪಿಕ್ಸ್‌ಗೆ ಬರೋಣ. 1996ರಲ್ಲಿ ಅಟ್ಲಾಂಟಾದಲ್ಲಿ ಹಾಯಿದೋಣಿಯನ್ನು ಪ್ರದರ್ಶನ ಕ್ರೀಡೆಯಾಗಿ ಇಟ್ಟಿದ್ದರು. 2000ದ ಸಿಡ್ನಿಯಿಂದ 2016ರ ರಿಯೊವರೆಗೆ ಐದು ಸಲ ಪದಕ ಕೊಟ್ಟರು. ಒಬ್ಬರೇ ನಡೆಸುವ 2.4ಎಂಆರ್, ಮೂವರ ಸೋನಾರ್, 2008ರಿಂದ ಇಬ್ಬರ ಸ್ಕಡ್ 18, ಹೀಗೆ ಮೂರು ಬಗೆಯ ದೋಣಿಗಳು. ಸ್ಕಡ್ 18 ವಿನ್ಯಾಸದಲ್ಲಿಯೂ ಅದೇ ಕ್ರಿಸ್ ಮಿಚೆಲ್ ಅವರ ಕೈಯಿದೆ. ಗಂಡಸರು, ಹೆಂಗಸರು ಎಲ್ಲರೂ ಒಟ್ಟಿಗೇ ಸ್ಪರ್ಧಿಸುತ್ತಿದ್ದರು. 2012ರ ಲಂಡನ್ ಕ್ರೀಡಾಕೂಟದಲ್ಲಿ 2.4ಎಂಆರ್ ದೋಣಿಯಲ್ಲಿ ಚಿನ್ನ ಗೆದ್ದ ಬ್ರಿಟನ್ನಿನ ಹೆಲೆನಾ ಲೂಕಸ್ ಆ ಸ್ಪರ್ಧೆಯಲ್ಲಿದ್ದ ಏಕೈಕ ಮಹಿಳೆ.

ನಾನು ಕಾಮರ್ಸ್ ವಿದ್ಯಾರ್ಥಿ, ಆದ್ದರಿಂದ ಸೋನಾರ್ ದೋಣಿಯ ಲೆಕ್ಕ ನನಗೆ ಎಲ್ಲಕ್ಕಿಂತ ಚೆನ್ನಾಗಿ ಅನ್ನಿಸಿತು. ಪ್ರತಿಯೊಬ್ಬ ಆಟಗಾರನನ್ನೂ ಪರೀಕ್ಷಿಸಿ 1ರಿಂದ 7ರವರೆಗೆ ಅಂಕ ಕೊಡುತ್ತಿದ್ದರು. ತೀವ್ರ ಅಂಗವೈಕಲ್ಯಕ್ಕೆ 1, ಕಡಿಮೆಗೆ 7. ಮೂವರ ಮೊತ್ತ 14 ಮೀರುವಂತಿಲ್ಲ. ಇದನ್ನು ಬಜೆಟ್ ಎಂದುಕೊಳ್ಳಿ. ಇಬ್ಬರು 7 ಅಂಕದವರನ್ನು ತೆಗೆದುಕೊಂಡರೆ ಬಜೆಟ್ ಖಾಲಿ, ಮೂರನೆಯವನಿಗೆ ಜಾಗವಿಲ್ಲ. 7 ಮತ್ತು 5 ತೆಗೆದುಕೊಂಡರೆ ಮೂರನೆಯವನು 2 ಅಂಕದವನೇ ಆಗಬೇಕು, ಅಂದರೆ ಕೈಕಾಲಿನ ಶಕ್ತಿ ಬಹುಪಾಲು ಹೋದವನು. ಗೆಲ್ಲಬೇಕೆಂಬ ತಂಡ ಅಂಥವನನ್ನು ಹುಡುಕಿಕೊಂಡು ಅವನ ಮನೆಗೆ ಹೋಗಬೇಕು. ಅವನು ಚೆನ್ನಾಗಿ ಗಾಳಿ ಓದುವವನಾದರೆ ಅವನಿಗೆ ಪೈಪೋಟಿಯೇ ಶುರುವಾಗುತ್ತದೆ. ಪಾಪ ಎಂದು ಸೇರಿಸಿಕೊಳ್ಳುವ ಮಾತೇ ಇಲ್ಲ, ಅವನಿಲ್ಲದೆ ದೋಣಿ ಹೊರಡುವುದಿಲ್ಲ. ಸ್ಕಡ್ 18ರಲ್ಲಿಯೂ ಹೀಗೆಯೇ. ಇಬ್ಬರಲ್ಲಿ ಒಬ್ಬರು ತೀವ್ರ ಅಂಗವಿಕಲರಾಗಿರಬೇಕು, ಒಬ್ಬರು ಹೆಣ್ಣಾಗಿರಬೇಕು. ಆಸ್ಟ್ರೇಲಿಯಾದ ಡೇನಿಯಲ್ ಫಿಟ್ಜ್‌ಗಿಬ್ಬನ್ ಮತ್ತು ಲೀಸಲ್ ಟೆಶ್ ಜೋಡಿ 2012 ಮತ್ತು 2016ರಲ್ಲಿ ಇದರಲ್ಲಿ ಚಿನ್ನ ಗೆದ್ದರು. ಟೆಶ್ ಅದಕ್ಕೂ ಮೊದಲು ವೀಲ್‌ಚೇರ್ ಬಾಸ್ಕೆಟ್‌ಬಾಲ್‌ನಲ್ಲಿ ಪದಕ ಗೆದ್ದವರು, ಈಗ ರಾಜಕಾರಣಿ.

2015ರ ಜನವರಿ 31ರಂದು ಅಂತರರಾಷ್ಟ್ರೀಯ ಪ್ಯಾರಾಲಿಂಪಿಕ್ ಸಮಿತಿ ಟೋಕಿಯೊದ ಪಟ್ಟಿಯನ್ನು ಪ್ರಕಟಿಸಿತು, ಅದರಲ್ಲಿ ಹಾಯಿದೋಣಿ ಇರಲಿಲ್ಲ. ಜಗತ್ತಿನಲ್ಲಿ ಸಾಕಷ್ಟು ದೇಶಗಳಲ್ಲಿ ಈ ಕ್ರೀಡೆ ಹರಡಿಲ್ಲ ಎಂಬುದು ಕಾರಣ. ವೈಯಕ್ತಿಕ ಕ್ರೀಡೆಯಾದರೆ ಕನಿಷ್ಠ 32 ದೇಶಗಳಲ್ಲಿ ಬಳಕೆಯಲ್ಲಿರಬೇಕು ಎಂಬುದು ಆ ಸಮಿತಿಯ ನಿಯಮ. ರಿಯೊದಲ್ಲಿ ಕೊನೆಯ ಸಲ 80 ಜನ ಸ್ಪರ್ಧಿಸಿದರು.

ಈ ನಿಯಮ ಅನ್ಯಾಯ ಎಂದು ಹೇಳಲು ನನಗೆ ಮನಸ್ಸಾಗುವುದಿಲ್ಲ. ಶ್ರೀಮಂತ ದೇಶಗಳ ನಾಲ್ಕಾರು ಜನ ಆಡುವ ಆಟಕ್ಕೆ ಎಲ್ಲರ ಜಾಗ ಕೊಡಬೇಕೇ ಎಂದು ಯಾರಾದರೂ ಕೇಳಿದರೆ ಉತ್ತರ ಕೊಡುವುದು ಕಷ್ಟ. ಬ್ಯಾಡ್ಮಿಂಟನ್‌ಗೆ ಒಂದು ರಾಕೆಟ್, ಒಂದು ಹಾಲ್ ಇದ್ದರೆ ಆಗುತ್ತದೆ, ಭಾರತದಂಥ ದೇಶ ಬೇಗ ಮುಂದೆ ಬರಬಹುದು, ಬಂದೂ ಇದೆ. ಸೋನಾರ್ ಏಳು ಮೀಟರ್ ಉದ್ದದ ದೋಣಿ. ಅದನ್ನು ಕೊಳ್ಳಬೇಕು, ಕಂಟೇನರ್‌ನಲ್ಲಿ ಬೇರೆ ದೇಶಕ್ಕೆ ಕಳಿಸಬೇಕು, ಕ್ರೇನ್‌ನಿಂದ ನೀರಿಗಿಳಿಸಬೇಕು, ಹರಿದ ಹಾಯಿಗೆ ಹೊಸ ಹಾಯಿ ಹಾಕಬೇಕು, ಜೊತೆಗೆ ಕೋಚ್‌ಗೆ ಮೋಟಾರ್ ದೋಣಿ. ನಮ್ಮ ಅರ್ಥಶಾಸ್ತ್ರದ ಪಾಠದಲ್ಲಿ ಹೇಳುವ ಸ್ಥಿರ ವೆಚ್ಚ ಎಂದರೆ ಇದೇ. ಒಬ್ಬ ಆಟಗಾರನಿದ್ದರೂ ನೂರು ಜನರಿದ್ದರೂ ಮೊದಲ ದಿನ ಅಷ್ಟನ್ನು ಸುರಿಯಲೇಬೇಕು. ಬಡ ದೇಶ ಬಾಗಿಲಲ್ಲೇ ನಿಲ್ಲುತ್ತದೆ. ಅಲ್ಲಿಗೆ ದೇಶಗಳ ಸಂಖ್ಯೆ ಏರುವುದಿಲ್ಲ.

ಆದರೆ ಹೊರಗೆ ಹೋದಾಗ ಹೆಚ್ಚು ಕಳೆದುಕೊಂಡವರು ಯಾರು ಎಂಬುದನ್ನೂ ನೋಡಬೇಕು. ಕತ್ತಿನ ಕೆಳಗೆ ಶಕ್ತಿ ಇಲ್ಲದವರು ಪ್ಯಾರಾಲಿಂಪಿಕ್ಸ್‌ನಲ್ಲಿ ಆಡಬಲ್ಲ ಆಟಗಳು ಬಹಳ ಕಡಿಮೆ. ಬೋಚಿಯಾ ಎಂಬ ಚೆಂಡಿನ ಆಟ ಒಂದು, ಇನ್ನು ಕೆಲವು. ಹಾಯಿದೋಣಿಯಲ್ಲಿ ಅಂಥವರು ತಮಗಿಂತ ಕಡಿಮೆ ತೊಂದರೆ ಇರುವವರ ಜೊತೆ ಒಂದೇ ದೋಣಿಯಲ್ಲಿ ಕುಳಿತು ಗೆಲ್ಲುತ್ತಿದ್ದರು. ಆ 14 ಅಂಕಗಳ ಲೆಕ್ಕ ಟೋಕಿಯೊದಲ್ಲಿ ಯಾರಿಗೂ ಬೇಕಾಗಲಿಲ್ಲ.

ವಿಶ್ವ ಹಾಯಿದೋಣಿ ಸಂಸ್ಥೆ ಸುಮ್ಮನೆ ಕೂರಲಿಲ್ಲ. ಹೊಸ ದೇಶಗಳವರಿಗೆ ತರಬೇತಿ ಶಿಬಿರಗಳನ್ನು ಶುರುಮಾಡಿತು. ಈಗ ಅದರ ಪ್ಯಾರಾ ವಿಶ್ವ ಚಾಂಪಿಯನ್‌ಶಿಪ್‌ಗಳಲ್ಲಿ ದುಬಾರಿ ದೋಣಿಗಳ ಬದಲು ಹನ್ಸಾ 303 ಮುಂದೆ ಬಂದಿದೆ, ಗಂಡಸರಿಗೂ ಹೆಂಗಸರಿಗೂ ಬೇರೆ ಬೇರೆ ಸ್ಪರ್ಧೆಗಳಿವೆ. 2023ರಲ್ಲಿ ನೆದರ್‌ಲ್ಯಾಂಡ್ಸ್‌ನ ಹೇಗ್ ನಗರದ ವಿಶ್ವ ಚಾಂಪಿಯನ್‌ಶಿಪ್‌ನಲ್ಲಿ ಒಲಿಂಪಿಕ್ ದೋಣಿಗಳ ಜೊತೆಯಲ್ಲೇ ಪ್ಯಾರಾ ಸ್ಪರ್ಧೆಗಳನ್ನೂ ನಡೆಸಿದರು. ಆದರೂ ಪ್ಯಾರಿಸ್ 2024ಕ್ಕೆ ಅವಕಾಶ ಸಿಗಲಿಲ್ಲ, ಲಾಸ್ ಏಂಜಲೀಸ್ 2028ಕ್ಕೂ ಸಿಗಲಿಲ್ಲ. ಪದಕ ಇಲ್ಲದೆಯೂ ಕ್ಲಬ್‌ಗಳಲ್ಲಿ ಆಟ ನಡೆಯುತ್ತಲೇ ಇದೆ. ಬ್ರಿಟನ್, ಆಸ್ಟ್ರೇಲಿಯಾಗಳಲ್ಲಿ ಸೇಲೆಬಿಲಿಟಿ ಎಂಬ ಹೆಸರಿನಲ್ಲಿ ಸ್ವಯಂಸೇವಕರು ವಾರಾಂತ್ಯಗಳಲ್ಲಿ ಅಂಗವಿಕಲರನ್ನು ನೀರಿಗೆ ಕರೆದೊಯ್ಯುತ್ತಾರೆ. ಅಲ್ಲಿಗೆ ಬರುವ ಹೆಚ್ಚಿನವರಿಗೆ ರೇಸ್ ಬೇಕಿಲ್ಲ, ಮಧ್ಯಾಹ್ನದವರೆಗೆ ನೀರಿನ ಮೇಲೆ ಇದ್ದರೆ ಸಾಕು.

ಇಲ್ಲಿ ನಮ್ಮ ರಾಜ್ಯದ ಮಾತು ಬರುತ್ತದೆ. 2011ರ ಜನಗಣತಿಯಂತೆ ಕರ್ನಾಟಕದಲ್ಲಿ 13.24 ಲಕ್ಷ ಅಂಗವಿಕಲರಿದ್ದಾರೆ. ಕರಾವಳಿ, ಜಲಾಶಯ, ಕೆರೆ, ಯಾವುದಕ್ಕೂ ಕಡಿಮೆ ಇಲ್ಲ. ಕಳೆದ ಈದ್ ರಜೆಯಲ್ಲಿ ನಾವು ಮನೆಯವರೆಲ್ಲ ಒಂದು ಜಲಾಶಯ ನೋಡಲು ಹೋಗಿದ್ದೆವು. ಅಲ್ಲಿ ದೋಣಿ ವಿಹಾರ ಇತ್ತು. ಟಿಕೆಟ್ ಕೌಂಟರಿನವರು ಮಾಮೂವಿನ ಬಗಲುಗೋಲು ನೋಡಿ, 'ಸಾರ್, ಇವರನ್ನ ಕೂರಿಸಿಕೊಳ್ಳೋಕೆ ಆಗಲ್ಲ, ನಾಳೆ ಏನಾದ್ರೂ ಆದ್ರೆ ನಮ್ ತಲೆಗೆ ಬರುತ್ತೆ' ಎಂದರು. ಅಬ್ಬಾ ಜಗಳಕ್ಕೆ ನಿಂತರು. ಮಾಮೂ ಬೇಡ ಎಂದು ತಡೆದು, ನಮ್ಮ ಬ್ಯಾಗು, ಚಪ್ಪಲಿಗಳನ್ನು ನೋಡಿಕೊಳ್ಳುತ್ತಾ ಮೇಲೆ ನೆರಳಲ್ಲಿ ಕುಳಿತರು. ದೋಣಿಯವನನ್ನು ನಾನು ಪೂರ್ತಿ ದೂರುವುದಿಲ್ಲ. ಕೆಳಗಿಳಿಯಲು ಇದ್ದದ್ದು ಪಾಚಿ ಹಿಡಿದ ಮೆಟ್ಟಿಲು, ಕಂಬಿ ಇರಲಿಲ್ಲ, ದೋಣಿ ಅಲುಗಾಡುತ್ತಿತ್ತು. ಮಾಮೂವಿನ ತೋಳುಗಳಲ್ಲಿ ನನಗಿಂತ ಎರಡರಷ್ಟು ಬಲ ಇದೆ. ಜಾಯ್‌ಸ್ಟಿಕ್ ಇರುವ ಹನ್ಸಾ ಅವರಿಗೆ ಆಟದ ಸಾಮಾನು. ತಡೆ ಇದ್ದದ್ದು ದಡದಿಂದ ದೋಣಿಯವರೆಗಿನ ಆ ಹತ್ತಿಪ್ಪತ್ತು ಹೆಜ್ಜೆಗಳಲ್ಲಿ.

ಹೊರದೇಶಗಳ ಕ್ಲಬ್‌ಗಳಲ್ಲಿ ಮೊದಲು ನೋಡುವುದು ಇದನ್ನೇ. ಇಳಿಜಾರು ದಾರಿ, ನೀರಿನ ಮಟ್ಟದ ಜೊತೆ ಏರಿಳಿಯುವ ತೇಲುವ ಜೆಟ್ಟಿ, ವೀಲ್‌ಚೇರ್‌ನಿಂದ ಮನುಷ್ಯನನ್ನು ಎತ್ತಿ ದೋಣಿಯ ಸೀಟಿಗೆ ಇಳಿಸುವ ಕೈರಾಟೆ, ಎಲ್ಲರಿಗೂ ಲೈಫ್ ಜಾಕೆಟ್, ಪಕ್ಕದಲ್ಲಿ ರಕ್ಷಣಾ ದೋಣಿ. ನಮ್ಮ ದೇಶದ 2016ರ ಅಂಗವಿಕಲರ ಹಕ್ಕುಗಳ ಕಾಯ್ದೆಯ 30ನೇ ಕಲಂ ಕ್ರೀಡೆಯ ಬಗ್ಗೆಯೇ ಇದೆ. ಕ್ರೀಡಾ ಸೌಲಭ್ಯಗಳನ್ನು ಅಂಗವಿಕಲರಿಗೆ ತಕ್ಕಂತೆ ಮರುವಿನ್ಯಾಸ ಮಾಡುವ ಹೊಣೆ ಸರ್ಕಾರದ್ದು ಎಂದು ಅದರಲ್ಲಿದೆ. ಹಾಗೆಂದು ಕೌಂಟರಿನಲ್ಲಿ ಹೇಳಿದರೆ ಟಿಕೆಟ್ ಕೊಡುತ್ತಾರೆ ಎಂದಲ್ಲ, ಆದರೆ ಅರ್ಜಿಯಲ್ಲಿ ಬರೆಯಲು ಕಲಂ ಸಂಖ್ಯೆ ಗೊತ್ತಿದ್ದರೆ ಒಳ್ಳೆಯದು.

ಈ ಲೇಖನದ ಕರಡನ್ನು ಮಾಮೂಗೆ ಓದಿ ಹೇಳಿದೆ. ಅವರು ನನ್ನ ರಫ್ ನೋಟ್‌ಬುಕ್ ತೆಗೆದುಕೊಂಡು ಲೆಕ್ಕ ಹಾಕಿದರು. ಆ ಜಲಾಶಯದಲ್ಲಿ ಇಪ್ಪತ್ತೆರಡು ಮೆಟ್ಟಿಲು, ಒಂದೊಂದು ಆರು ಇಂಚು, ಒಟ್ಟು ಹನ್ನೊಂದು ಅಡಿ ಇಳಿಯಬೇಕು. ಒಂದು ಅಡಿ ಇಳಿಯಲು ಹನ್ನೆರಡು ಅಡಿ ಉದ್ದ ಎಂಬುದು ರ‍್ಯಾಂಪಿನ ಲೆಕ್ಕ, ಹಾಗಾದರೆ 132 ಅಡಿ ಬೇಕು. ಒಂದೇ ನೇರಕ್ಕೆ ಅಷ್ಟು ಜಾಗ ಇಲ್ಲ, ಮೂರು ತಿರುವು ಕೊಟ್ಟರೆ ಆಗುತ್ತದೆ, ಬಲಗಡೆ ಬೇವಿನ ಮರದ ಪಕ್ಕ ಖಾಲಿ ಇದೆ ಎಂದರು. ನಾವು ದೋಣಿಯಲ್ಲಿ ಸುತ್ತುತ್ತಿದ್ದಾಗ, ಬ್ಯಾಗು ಕಾಯುತ್ತಾ ಕುಳಿತು ಅವರು ಅದನ್ನೆಲ್ಲ ಎಣಿಸಿಟ್ಟುಕೊಂಡಿದ್ದರು.